ಬೋರ್‌ವೆಲ್ ನೀರಿನ ಬಿಳಿ ಕಲೆ: ನಲ್ಲಿ, ಶವರ್ ಹೊಳೆದದ್ದು ಹೀಗೆ

ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಬಳಸುವ ಬಚ್ಚಲುಮನೆಗಳಲ್ಲಿ ನಲ್ಲಿ, ಶವರ್, ಟೈಲ್ಸ್ ಮೇಲೆ ಬಿಳಿ ಪದರ ಕೂರುವುದು ಮಾಮೂಲು. ಅದು ಕೊಳೆಯಲ್ಲ, ಗಡಸು ನೀರು ಆರಿದಾಗ ಉಳಿಯುವ ಸುಣ್ಣ, ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಸೋಪಿನ ಪುಡಿ ಹಾಕಿ ಎಷ್ಟು ತಿಕ್ಕಿದರೂ ಅಷ್ಟೇ. ಸುಣ್ಣ ಕರಗಬೇಕೆಂದರೆ ಹುಳಿ ಬೇಕು.

ಕೆಲಸಕ್ಕೆ ಬಂದದ್ದು ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. 1 ಲೀಟರ್ ಬಿಸಿ ನೀರಿಗೆ 3 ದೊಡ್ಡ ಚಮಚ. ಹಳೇ ಬನಿಯನ್ ಬಟ್ಟೆ ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ, 20 ನಿಮಿಷ ಬಿಟ್ಟು, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು. ಬಟ್ಟೆ ಆರಿದರೆ ಹುಳಿ ಕೆಲಸ ನಿಲ್ಲಿಸುತ್ತದೆ, ನಡುವೆ ಒಮ್ಮೆ ಮತ್ತೆ ಒದ್ದೆ ಮಾಡಿ. ಪದರ ದಪ್ಪಗಿದ್ದರೆ ಎರಡನೇ ಸುತ್ತು ಬೇಕು. ಒಂದೇ ಸಲ ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಮಂಕಾಗುತ್ತದೆ. ಶವರಿಗೆ ಅದೇ ನೀರು ತುಂಬಿದ ಪ್ಲಾಸ್ಟಿಕ್ ಕವರನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದರಾಯಿತು. ನಲ್ಲಿ ಬಾಯಿಯ ಜಾಲರಿಯನ್ನೂ ಬಿಚ್ಚಿ ನೆನೆಹಾಕಿ, ನೀರು ಸಣ್ಣಗೆ ಬರಲು ಎಷ್ಟೋ ಸಲ ಅದೇ ಕಾರಣ.

ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ಮೇಲೆ ಮಾತ್ರ ಹನಿಯೂ ಬೀಳಬಾರದು. ಅವುಗಳಲ್ಲಿರುವುದೂ ಸುಣ್ಣವೇ, ಹೊಳಪು ಹೋದರೆ ಪಾಲಿಶ್ ಮಾಡಿಸದೆ ಬರುವುದಿಲ್ಲ. ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಲೇಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಬಾಟಲಿಯ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಟೈಲ್ಸ್ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ.

ಸ್ನಾನವಾದ ಮೇಲೆ ನಲ್ಲಿಯನ್ನು ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಪದರ ಬೇಗ ಕಟ್ಟುವುದಿಲ್ಲ.