ಜಿಮ್ನಿ ಎಡಕ್ಕೆ ಎಳೀತಿತ್ತು, ನಾನು ಲಿಫ್ಟನ್ನು ಬೈತಿದ್ದೆ

ನನ್ನ ಮಾರುತಿ ಜಿಮ್ನಿ ಜೀಪಿಗೆ 2 ಇಂಚು ಲಿಫ್ಟ್ (ಗಾಡಿಯ ಮೈ ಎತ್ತರಿಸುವ ಸ್ಪ್ರಿಂಗ್) ಹಾಕಿಸಿದ್ದು 2024ರ ಏಪ್ರಿಲ್‌ನಲ್ಲಿ. ಸಕಲೇಶಪುರದ ಕಡೆ ನಮ್ಮ ತೋಟದ ದಾರಿ ಮಳೆಗಾಲದಲ್ಲಿ ದಾರಿಯಾಗಿ ಉಳಿಯೋದಿಲ್ಲ. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಕೊರಕಲು, ನಡುವೆ ದಿಣ್ಣೆ. ಗಾಡಿಯ ಹೊಟ್ಟೆ ಆ ದಿಣ್ಣೆಗೆ ಉಜ್ಜುತ್ತಿತ್ತು. ಲಿಫ್ಟ್ ಹಾಕಿದರೆ ಹೊಟ್ಟೆ ಮೇಲೇಳುತ್ತದೆ, ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಡಬ್ಬಿ) ಇದ್ದಲ್ಲೇ ಇರುತ್ತದೆ. ಅದು ಏಳಬೇಕಾದರೆ ದೊಡ್ಡ ಟೈರೇ ಬೇಕು. ಹಾಗಾಗಿ 195/80 ಅಳತೆಯ ಟೈರ್ ತೆಗೆದು 215/75 ಹಾಕಿಸಿದೆ. ಲೆಕ್ಕ ಹಾಕಿದರೆ ಅದರಿಂದ ಸಿಕ್ಕಿದ್ದು ಬರೀ 5 ಮಿಲಿಮೀಟರ್, ಅದು ಬೇರೆ ಮಾತು.

ಲಿಫ್ಟ್ ಆದ ದಿನವೇ ಎರಡು ತೊಂದರೆ ಕಾಣಿಸಿದವು. ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟ ನಿಲ್ಲುತ್ತಿತ್ತು. ಜೊತೆಗೆ ಹಾಸನದ ಹೈವೇಯಲ್ಲಿ 80 ದಾಟಿದರೆ ಗಾಡಿ ಅತ್ತಿತ್ತ ತೇಲಾಡುತ್ತಿತ್ತು. ಆಗಸ್ಟ್ ಹೊತ್ತಿಗೆ ಮೂರನೆಯದೂ ಸೇರಿಕೊಂಡಿತು, ಎಡಕ್ಕೆ ಎಳೆತ. ನಾನು ಮೂರನ್ನೂ ಒಂದೇ ಗಂಟು ಕಟ್ಟಿ ‘ಅಲೈನ್‌ಮೆಂಟ್ ಹೋಗಿದೆ’ ಅಂತ ಹೇಳಿಕೊಂಡು ತಿರುಗಿದೆ. ನನ್ನ ತಪ್ಪು ಅಲ್ಲೇ ಶುರುವಾಗಿದ್ದು. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ. ಮೂರು ಸಲವೂ ಸ್ಕ್ರೀನ್ ಮೇಲೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ) ಹಸಿರು ಬಂತು, ದುಡ್ಡು ಕೊಟ್ಟು ಬಂದೆ, ಗಾಡಿ ಹಾಗೇ ಇತ್ತು.

ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯಿತು. ಜಿಮ್ನಿಯ ಮುಂದಿರೋದು ಇಡೀ ಆಕ್ಸಲ್, ಅಂದರೆ ಎರಡೂ ಚಕ್ರ ಕೂತಿರುವ ಒಂದೇ ಗಟ್ಟಿ ಅಚ್ಚು. ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಆಕ್ಸಲ್ ಜೊತೆಗೇ ಇರುತ್ತದೆ. ಸ್ಪ್ರಿಂಗ್ ಎತ್ತರ ಮಾಡಿದರೆ ಟೋ ಯಾಕೆ ಬದಲಾಗಬೇಕು? ನಂಬಿಕೆ ಬರಲಿ ಅಂತ ನಮ್ಮ ಕಾಫಿ ಕಣದ ಸಿಮೆಂಟ್ ನೆಲದ ಮೇಲೆ ನಾನೇ ಅಳೆದೆ. ಜಾಕ್ ಕೊಟ್ಟು ಚಕ್ರ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಂಡೆ. ಗಾಡಿ ಇಳಿಸಿ, ಸ್ವಲ್ಪ ಮುಂದಕ್ಕೆ ತಳ್ಳಿ, ಗೆರೆಯಿಂದ ಗೆರೆಗೆ ಟೈರಿನ ಮುಂಭಾಗದಲ್ಲೊಮ್ಮೆ ಹಿಂಭಾಗದಲ್ಲೊಮ್ಮೆ ಟೇಪ್ ಹಿಡಿದೆವು. ಮುಂದೆ 2 ಮಿಲಿಮೀಟರ್ ಕಡಿಮೆ. ಚೆನ್ನಾಗೇ ಇತ್ತು.

ಸೊಟ್ಟ ಸ್ಟೇರಿಂಗ್ ಸುಲಭದ ಕೆಲಸ. ಗಾಡಿ ಮೇಲೆದ್ದಾಗ ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಬರುವ ಡ್ರ್ಯಾಗ್ ಲಿಂಕ್ ಇನ್ನಷ್ಟು ಓರೆಯಾಗುತ್ತದೆ. ಅದರ ಉದ್ದ ಸ್ವಲ್ಪ ಹೊಂದಿಸಿದರೆ ಸ್ಟೇರಿಂಗ್ ನಡುವಿಗೆ ಬರುತ್ತದೆ. ಸ್ಟೇರಿಂಗನ್ನೇ ಬಿಚ್ಚಿ ಒಂದು ಹಲ್ಲು ಆಚೆ ಕೂರಿಸಬೇಡಿ. ಒಳಗಿನ ಸೆನ್ಸರ್‌ಗೆ ಆಗಲೂ ಚಕ್ರ ತಿರುಗಿದಂತೆಯೇ ಕಾಣುತ್ತದೆ, ಗಾಡಿ ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ಇಎಸ್‌ಪಿ ಸುಮ್ನೆ ತಲೆ ಹಾಕುತ್ತದೆ.

ತೇಲಾಟಕ್ಕೆ ಕಾರಣ ಕ್ಯಾಸ್ಟರ್, ಅಂದರೆ ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವ ಕೋನ. ಕೈ ಬಿಟ್ಟು ಸೈಕಲ್ ಹೊಡೆದವರಿಗೆ ಇದು ಗೊತ್ತು. ಫೋರ್ಕ್ ಹಿಂದಕ್ಕೆ ಒರಗಿರುವುದರಿಂದ ಮುಂದಿನ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಲಿಫ್ಟ್ ಹಾಕಿದಾಗ ಆಕ್ಸಲ್ಲನ್ನು ಗಾಡಿಗೆ ಹಿಡಿದಿರುವ ಉದ್ದ ತೋಳುಗಳು ಕೆಳಗೆ ಬಾಗಿ, ಆಕ್ಸಲ್ಲನ್ನು ಮುಂದಕ್ಕೆ ಉರುಳಿಸಿ, ಆ ಒರಗನ್ನು ತಿಂದುಬಿಡುತ್ತವೆ. ನನ್ನ ಮೂರೂ ಪ್ರಿಂಟ್‌ಗಳಲ್ಲಿ ಕ್ಯಾಸ್ಟರ್ ಒಂದು ಡಿಗ್ರಿಗಿಂತ ಕಡಿಮೆ ಇತ್ತು. ಅದನ್ನು ಹೊಂದಿಸೋಕೆ ಬೋಲ್ಟೇ ಇಲ್ಲ. ಹಾಗಾಗಿ ಅಂಗಡಿಯವರು ಆ ಸಾಲು ನೋಡಲೇ ಇಲ್ಲ, ನಾನೂ ನೋಡಲಿಲ್ಲ. ತೋಳುಗಳಿಗೆ ತೂತು ನಡುವಿನಿಂದ ಸರಿದಿರುವ ರಬ್ಬರ್ ಬುಷ್ ಹಾಕಿಸಿದೆ, ಕಳೆದುಹೋದ ಒರಗು ವಾಪಸ್ ಬಂತು, ಹೈವೇಯಲ್ಲಿ ಗಾಡಿ ಮತ್ತೆ ಗಟ್ಟಿಯಾಗಿ ನಿಂತಿತು.

ಎಳೆತ ಮಾತ್ರ ಹೋಗಲಿಲ್ಲ.

ನಮ್ಮ ರಸ್ತೆಗಳು ನೀರು ಇಳಿಯಲೆಂದು ನಡುವಿನಿಂದ ಅಂಚಿನ ಕಡೆ ಇಳಿಜಾರು ಇರುತ್ತವೆ, ಎಡಗಡೆ ಹೋಗುವ ಗಾಡಿ ಒಂಚೂರು ಎಡಕ್ಕೆ ವಾಲುತ್ತದೆ. ಹಾಗಾಗಿ ಬೆಳಗ್ಗೆ 6 ಗಂಟೆಗೆ ಖಾಲಿ ರಸ್ತೆಯಲ್ಲಿ, ನಡುಬೆನ್ನಿನ ಮೇಲೆ ಓಡಿಸಿ ನೋಡಿದೆ. ಆಗಲೂ ಎಡಕ್ಕೇ. ಗಾಳಿ ಎರಡೂ ಕಡೆ ಸಮ ಮಾಡಿದೆ. ಮುಂದಿನ ಟೈರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ತಪ್ಪು ಟೈರಿನದಾಗಿದ್ದರೆ ಎಳೆತವೂ ಬಲಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಆಕ್ಸಲ್ಲನ್ನು ಗಾಡಿಯ ನಡುವಿಗೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್‌ನಿಂದಾಗಿ ಆಕ್ಸಲ್ ಪಕ್ಕಕ್ಕೆ ಸರಿದಿದೆ ಅಂತ ಒಬ್ಬರು ಹೆದರಿಸಿದರು. ಗಾರೆ ಕೆಲಸದ ತೂಗುಗುಂಡು ಬಿಟ್ಟು ನೋಡಿದೆ, 8 ಮಿಲಿಮೀಟರ್ ಸರಿದಿದ್ದು ನಿಜ. ಅಷ್ಟಕ್ಕೆ ಗಾಡಿ ಎಳೆಯೋದಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣಲಿ ಅನ್ನುವವರು ಉದ್ದ ಹೊಂದಿಸುವ ರಾಡ್ ಹಾಕಿಸಿಕೊಳ್ಳಲಿ.

ಕೊನೆಗೆ ಪೇಟೆಯ ಹಳೇ ಜೀಪ್ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಗಾಡಿ ಮುಟ್ಟಲೇ ಇಲ್ಲ.

“ಬ್ರೇಕ್ ಒತ್ತಿದಾಗ ಯಾವ ಕಡೆ ಹೋಗುತ್ತೆ ಸಾರ್?”

“ಆಗ ಎಳೆತ ಕಾಣಲ್ಲ ಭಾಯ್. ಜೋರಾಗಿ ಒತ್ತಿದರೆ ಬಲಕ್ಕೆ ಹೋದ ಹಾಗಾಗುತ್ತೆ.”

“ಎಳೆಯೋಕೆ ಶುರುವಾಗಿದ್ದು ಲಿಫ್ಟ್ ಆದ ದಿನಾನಾ?”

ನಾನು ಬಾಯಿ ಬಿಡುವ ಮೊದಲೇ ಉತ್ತರ ಹೊಳೆಯಿತು. ನಾಲ್ಕು ತಿಂಗಳಾದ ಮೇಲೆ, ಕೆಸರಲ್ಲಿ ಹೂತುಕೊಂಡ ವಾರದಲ್ಲಿ.

“ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಬ್ರೇಕ್ ಜಾಸ್ತಿ ಒತ್ತಬೇಡಿ.”

ಬಂದ ಮೇಲೆ ಮುಂದಿನ ಒಂದೊಂದು ಚಕ್ರದ ನಟ್ಟನಡುವಿಗೂ ನೀರು ಚಿಮುಕಿಸಿದರು. ಬಲಗಡೆ ನೀರು ಸುಮ್ಮನೆ ಇಳಿಯಿತು. ಎಡಗಡೆ ಚುಸ್ ಅಂತ ಆವಿ ಎದ್ದಿತು. ಗಾಡಿಯನ್ನು 2ಎಚ್‌ನಲ್ಲಿಟ್ಟು (ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಸ್ಥಿತಿ) ಜಾಕ್ ಹಾಕಿ, ಬಲ ಚಕ್ರ ಕೈಯಲ್ಲಿ ತಳ್ಳಿದರೆ ಎರಡು ಸುತ್ತು ಹೋಯಿತು. ಎಡದ್ದು ಅರ್ಧಕ್ಕೇ ನಿಂತಿತು.

ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಬ್ರೇಕಿನ ಇಕ್ಕಳ, ಅಂದರೆ ಕ್ಯಾಲಿಪರ್ ಬಿಚ್ಚಿದರು. ಅದು ಜಾರಬೇಕಾದ ಪಿನ್ನಿನ ರಬ್ಬರ್ ಟೋಪಿ ಹರಿದು, ಒಳಗೆ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಪಿನ್ ಸುತ್ತಿಗೆಯ ಏಟಿಗೆ ಈಚೆ ಬಂತು, ತುಕ್ಕು ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಳಗಿನ ಪ್ಯಾಡ್ 3 ಮಿಲಿಮೀಟರ್ ಉಳಿದಿತ್ತು, ಹೊರಗಿನದು 7. ಕ್ಯಾಲಿಪರ್ ಜಾರದೆ ಒಳ ಪ್ಯಾಡ್ ಸದಾ ಡಿಸ್ಕ್‌ಗೆ ಉಜ್ಜುತ್ತಿತ್ತು, ಅದಕ್ಕೇ ಎಡಕ್ಕೆ ಎಳೆತ. ಬ್ರೇಕ್ ಒತ್ತಿದಾಗ ಮಾತ್ರ ಅದೇ ಕಡೆ ಹಿಡಿತ ಕಡಿಮೆ, ಹಾಗಾಗಿ ಬಲಕ್ಕೆ. ಅಲೈನ್‌ಮೆಂಟ್ ದೋಷ ಸಾಮಾನ್ಯವಾಗಿ ಬ್ರೇಕ್ ಒತ್ತಿದ ತಕ್ಷಣ ಹೀಗೆ ದಿಕ್ಕು ಬದಲಿಸೋದಿಲ್ಲ. ಮೂರು ಸಲ ಅಂಗಡಿಗೆ ಹೋದಾಗಲೂ ಆ ಮಾತು ನನ್ನ ಬಾಯಲ್ಲೇ ಇತ್ತು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ಪಿನ್, ಹೊಸ ಟೋಪಿ, ಹೊಸ ಪ್ಯಾಡ್ ಹಾಕಿದರು. ಪಿನ್ನಿಗೆ ಸಿಲಿಕೋನ್ ಗ್ರೀಸೇ ಬೇಕು. ಮಾಮೂಲಿ ಗ್ರೀಸ್ ಬಳಿದರೆ ರಬ್ಬರ್ ಊದಿ ಮತ್ತೆ ಅದೇ ಕಥೆ. ವಾಪಸ್ ಬರುವಾಗ ರಸ್ತೆಯ ನಡುಬೆನ್ನಿನಲ್ಲಿ ಒಂದು ಕ್ಷಣ ಕೈ ಸಡಿಲ ಬಿಟ್ಟೆ, ಗಾಡಿ ನೇರ ಹೋಯಿತು.

ಈಗ ಕೆಸರಿಗೆ ಇಳಿಸಿ ಬಂದ ದಿನ ಪೈಪ್ ಹಿಡಿದು ಮೊದಲು ತೊಳೆಯೋದು ಕ್ಯಾಲಿಪರ್. ಬಲಗಡೆಯ ಪಿನ್ ಇನ್ನೂ ಬಿಚ್ಚಿ ನೋಡಿಲ್ಲ. ಈ ಭಾನುವಾರ ಅದೇ ಕೆಲಸ.