ಸಭೆಯಿಂದ ಹೊರಗಾದವರಿಗೆ ರಕ್ಷಣೆ ಇದೆಯೇ? ಮನಸ್ಸು ಮುರಿಯದಂತೆ ವಾದಿಸುವ ಬಗೆ

"ಅವಾ ಸಭಾದಿಂದ ಹೊರಗ ಬಿದ್ದಾನ, ಇನ್ನ ಸ್ವರ್ಗದ ಮಾತು ಬಿಡ್ರಿ."

ಹುಬ್ಬಳ್ಳಿ–ಧಾರವಾಡದ ಕ್ರೈಸ್ತ ಮನೆಗಳಲ್ಲಿ ಹಬ್ಬದ ಊಟ ಕೆಡಲು ಇಷ್ಟು ಸಾಕು. ಇಲ್ಲಿ ಸಭೆ ಎಂದರೆ ಚರ್ಚು, ರಕ್ಷಣೆ ಎಂದರೆ ಪಾಪದಿಂದ ಬಿಡುಗಡೆಯಾಗಿ ದೇವರನ್ನು ಸೇರುವುದು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಶನ್ನಿನ ಕಾಲದಿಂದ ನಡೆದುಕೊಂಡು ಬಂದ ಮನೆತನ, ಕ್ಯಾಥೊಲಿಕ್ ಮನೆಯಿಂದ ತಂದ ಸೊಸೆ, ಪೆಂತೆಕೊಸ್ತ್ ಪ್ರಾರ್ಥನಾ ಕೂಟಕ್ಕೆ ಹೋಗುವ ಮಗ ಒಂದೇ ಪಂಕ್ತಿಯಲ್ಲಿ ಕುಳಿತಾಗ 'ಬಹಿಷ್ಕಾರ' ಎಂಬ ಒಂದು ಪದಕ್ಕೆ ಮೂರು ಅರ್ಥ ಹುಟ್ಟುತ್ತವೆ. ವಾದ ಮಾಡಲೇಬೇಕು, ವಿಷಯ ಅಷ್ಟು ದೊಡ್ಡದು. ಆದರೆ ಎರಡು ಪ್ರಶ್ನೆಗಳನ್ನು ಒಂದರಲ್ಲೊಂದು ಕಲಸಬಾರದು. ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರಕ್ಕೆ, ಯಾರು ಬರಬಹುದೆಂದು ಸಭೆ ತೀರ್ಮಾನಿಸುತ್ತದೆ. ಯಾರಿಗೆ ರಕ್ಷಣೆ ಎಂಬುದು ದೇವರ ತೀರ್ಪು.

ಮೊದಲು ಪದ ಸರಿ ಮಾಡಿಕೊಳ್ಳಿ. 'ಬಹಿಷ್ಕಾರ' ಎಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಜಾತಿ ಪಂಚಾಯಿತಿಯ ಬಹಿಷ್ಕಾರ: ಕಿರಾಣಿ ಅಂಗಡಿಯಲ್ಲಿ ಸಾಮಾನಿಲ್ಲ, ಕೂಲಿಗೆ ಕರೆಯಿಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ. ಸಭೆಯ ದಂಡನೆಯ ಉದ್ದೇಶ ಬೇರೆ. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆ ಇದನ್ನು ಔಷಧದಂಥ ದಂಡನೆಗಳ ಸಾಲಿಗೆ ಸೇರಿಸಿದೆ. ಸಂಸ್ಕಾರಗಳನ್ನು ಸ್ವೀಕರಿಸುವಂತಿಲ್ಲ, ಸಭೆಯ ಹುದ್ದೆ ನಡೆಸುವಂತಿಲ್ಲ. ಆದರೆ ಸಭೆಗೆ ಸೇರುವಾಗ ಪಡೆದ ಜ್ಞಾನಸ್ನಾನ ಅಳಿಯುವುದಿಲ್ಲ. ಪ್ರಾಣಾಪಾಯದಲ್ಲಿರುವವನು ಪಶ್ಚಾತ್ತಾಪಪಟ್ಟರೆ ಯಾವ ಗುರುವಾದರೂ (ಪಾದ್ರಿ) ಅವನನ್ನು ಪಾಪದಿಂದಲೂ ದಂಡನೆಯಿಂದಲೂ ಬಿಡಿಸಬಹುದು ಎನ್ನುತ್ತದೆ 976ನೆಯ ವಿಧಿ. ಹೊರಹಾಕುವುದೆಂದರೆ ನರಕಕ್ಕೆ ಕಳಿಸುವುದೇ ಆಗಿದ್ದರೆ ಈ ವಿಧಿ ಯಾಕೆ ಬೇಕಿತ್ತು? ಆದ್ದರಿಂದ ಮಾತಿನ ಆರಂಭದಲ್ಲೇ 'ಬಹಿಷ್ಕಾರ' ಬಿಟ್ಟು 'ಸಭೆಯ ಶಿಸ್ತು' ಎನ್ನಿ. ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ.

ಮುಂದೆ ಒಂದೇ ಪ್ರಶ್ನೆ ಕೇಳಿ: "ಒಮ್ಮೆ ಸಿಕ್ಕ ರಕ್ಷಣೆ ಕಳಕೊಳ್ಳಾಕ ಬರ್ತದೇನ್ರಿ?" ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ನ ಪರಂಪರೆಯವರು ಇಲ್ಲ ಎನ್ನುತ್ತಾರೆ. ಕ್ಯಾಥೊಲಿಕರು, ಬಹುಪಾಲು ಪೆಂತೆಕೊಸ್ತಿನವರು ಹೌದು ಎನ್ನುತ್ತಾರೆ. ಎದುರಿನವರ ಉತ್ತರ ತಿಳಿಯದೆ ಮುಂದೆ ಹೋಗಬೇಡಿ.

ಇನ್ನು ವಚನ ಓದುವ ಹಂತ. ಬಹಳ ಮಂದಿ ಎಡವುವುದು ಇಲ್ಲೇ. 1 ಕೊರಿಂಥ 5:5ರಲ್ಲಿ ಪೌಲನು ಪಾಪ ಮಾಡಿದವನನ್ನು ಸೈತಾನನಿಗೆ ಒಪ್ಪಿಸಿರಿ ಎನ್ನುತ್ತಾನೆ. ಕೇಳಿದವರ ಎದೆ ಝಲ್ಲೆನ್ನುತ್ತದೆ, ಓದುವವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಹಾಗೆ ಮಾಡಬೇಡಿ. ತೋರುಬೆರಳನ್ನು ಸಾಲಿನ ಮೇಲಿಟ್ಟು ವಾಕ್ಯ ಮುಗಿಯುವವರೆಗೆ ಗಟ್ಟಿಯಾಗಿ ಓದಿ. ಯಾಕೆ ಒಪ್ಪಿಸಬೇಕು? ಕರ್ತನ ದಿನದಲ್ಲಿ ಅವನ ಆತ್ಮಕ್ಕೆ ರಕ್ಷಣೆಯಾಗಲಿ ಎಂದು. ಕಾರಣ ಅದೇ ವಚನದೊಳಗೆ ಇದೆ.

ಅಲ್ಲಿಂದ 11ನೆಯ ವಚನಕ್ಕೆ ಇಳಿಯಿರಿ. ಅಂಥವನ ಸಂಗಡ ಊಟ ಕೂಡ ಬೇಡ ಎಂದಿದೆ. ನಿಮ್ಮ ವಾದಕ್ಕೆ ಒಗ್ಗುವುದಿಲ್ಲವೆಂದು ಹಾರಿಸಬೇಡಿ. ಎದುರಿನವರು ತೆಗೆಯುವ ಮುಂಚೆ ನೀವೇ ತೆಗೆಯಿರಿ. ಬಳಿಕ 2 ಕೊರಿಂಥ 2:6–8 ತೆರೆಯಿರಿ. ದಂಡನೆಗೆ ಗುರಿಯಾದ ಒಬ್ಬನಿಗೆ ಆದದ್ದು ಸಾಕು, ಈಗ ಕ್ಷಮಿಸಿ ಸಂತೈಸಿರಿ, ಇಲ್ಲದಿದ್ದರೆ ಅತಿಯಾದ ದುಃಖದಲ್ಲಿ ಮುಳುಗಿಹೋದಾನು ಎನ್ನುತ್ತಾನೆ ಪೌಲ. ಇವನು ಮೊದಲ ಪತ್ರದ ಮನುಷ್ಯನೇ ಎನ್ನುವವರಿದ್ದಾರೆ, ಅಲ್ಲವೆನ್ನುವ ಪಂಡಿತರೂ ಇದ್ದಾರೆ. ಅದರ ಮೇಲೆ ಹಟ ಹಿಡಿಯಬೇಡಿ. ಯಾರೇ ಆಗಿರಲಿ, ದಂಡನೆಗೆ ಒಂದು ಕೊನೆ ಇತ್ತು ಎಂಬುದಷ್ಟೇ ನಿಮಗೆ ಬೇಕು.

ಕೊನೆಗೆ ಮತ್ತಾಯ 18:15–17. ಮೊದಲು ಒಬ್ಬನೇ ಹೋಗಿ ತಿಳಿಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು, ಸಭೆಯ ಮಾತನ್ನೂ ಕೇಳದಿದ್ದರೆ ಅವನು ಅನ್ಯನಂತೆ, ಸುಂಕದವನಂತೆ (ಆ ಕಾಲದಲ್ಲಿ ಜನ ದೂರವಿಡುತ್ತಿದ್ದ ತೆರಿಗೆ ವಸೂಲಿಯವನು) ಇರಲಿ. ಇಲ್ಲಿ ಕೆಲವರು "ಯೇಸು ಸುಂಕದವರ ಜೊತೆ ಊಟ ಮಾಡಿದ, ಹಾಗಾಗಿ ಈ ವಚನಕ್ಕೆ ಬಲವಿಲ್ಲ" ಎಂದು ಜಾರಿಕೊಳ್ಳುತ್ತಾರೆ. ಅದು ಸೋಮಾರಿ ವಾದ. ಹೊರಗಿಡುವುದು ನಿಜ. ಹೊರಗಿಟ್ಟವನನ್ನು ಮತ್ತೆ ಕರೆಯಬೇಕಾದ್ದೂ ಅಷ್ಟೇ ನಿಜ. ಮತ್ತಾಯ 9ರಲ್ಲಿ ಸುಂಕದ ಕಟ್ಟೆಯಿಂದ ಕರೆಸಿಕೊಂಡವನು ಮತ್ತಾಯನೇ. ಎದುರಿನವರು 18ನೆಯ ವಚನ ಹಿಡಿದು "ಇಲ್ಲಿ ಕಟ್ಟಿದ್ದು ಪರಲೋಕದಲ್ಲೂ ಕಟ್ಟಿದಂತೆ" ಎಂದರೆ ತಳ್ಳಿಹಾಕಬೇಡಿ. ಬಿಚ್ಚುವ ಅಧಿಕಾರವೂ ಅದೇ ವಚನದಲ್ಲಿದೆ ಎಂದು ತೋರಿಸಿ.

ಇದಕ್ಕೆಲ್ಲ ಅಚ್ಚಾದ ಸತ್ಯವೇದವೇ ಬೇಕು. ಹೂವಿನ ಚಿತ್ರದ ಮೇಲೆ ಅರ್ಧ ವಚನ ಬರೆದ ವಾಟ್ಸಾಪ್ ಕಾರ್ಡುಗಳನ್ನು ಈ ವಾದಕ್ಕೆ ತರಲೇಬೇಡಿ. ಮೊಬೈಲಿನಲ್ಲಿ ಹುಡುಕಿದರೆ ಕೇಳಿದ ವಚನ ಸಿಗುತ್ತದೆ, ಅದರ ಹಿಂದುಮುಂದು ಕಣ್ಣಿಗೆ ಬೀಳುವುದಿಲ್ಲ.

ಚರಿತ್ರೆಯಿಂದ ಎರಡು ಉದಾಹರಣೆ ಸಾಕು. ಆಸ್ಟ್ರೇಲಿಯಾದ ಸಂನ್ಯಾಸಿನಿ ಮೇರಿ ಮೆಕಿಲಪ್ ಅವರನ್ನು 1871ರಲ್ಲಿ ಬಿಷಪ್ಪರೇ ಹೊರಹಾಕಿದರು. ಮರುವರ್ಷ ದಂಡನೆ ಹಿಂದಕ್ಕೆ ಹೋಯಿತು, 2010ರಲ್ಲಿ ಅವರು ಸಂತರೆಂದು ಘೋಷಿತರಾದರು. 'ಸಭೆಯ ಹೊರಗೆ ರಕ್ಷಣೆಯಿಲ್ಲ' ಎಂಬ ಮೂರನೆಯ ಶತಮಾನದ ಸಿಪ್ರಿಯನ್ನನ ಮಾತನ್ನು ಯಾರಾದರೂ ಎತ್ತಿದರೆ ಅಮೆರಿಕದ ಪಾದ್ರಿ ಲಿಯೊನಾರ್ಡ್ ಫೀನಿಯವರ ಕಥೆ ಹೇಳಿ. ಅವರು ಆ ಸೂತ್ರವನ್ನು ಅತಿ ಬಿಗಿಯಾಗಿ ಹಿಡಿದು, ರೋಮಿನ ಕರೆಗೂ ಹೋಗದೆ, 1953ರಲ್ಲಿ ಸಭೆಯ ದಂಡನೆಯಿಂದ ತಾವೇ ಹೊರಗಾದರು. 1972ರಲ್ಲಿ ಸಭೆ ಅವರನ್ನು ಮತ್ತೆ ಸೇರಿಸಿಕೊಂಡಿತು. ಎದುರಿನವರನ್ನು ಚುಚ್ಚುವ ದನಿಯಲ್ಲಿ ಮಾತ್ರ ಇದನ್ನು ಹೇಳಬಾರದು.

ಹಿರಿಯರ ಜೊತೆ ವಾದಿಸುವಾಗ ಅವರ ಮಾತನ್ನೇ ಒಮ್ಮೆ ತಿರುಗಿ ಹೇಳಿ: "ಕಾಕಾ, ನೀವು ಹೇಳೂದು ಹಿಂಗ ಹೌದಲ್ರಿ?" ಅವರು ಹೌದೆಂದ ಮೇಲೆ ನಿಮ್ಮದು. ನೆರೆಮನೆಯ ಯಾರದೋ ಹೆಸರು ಬಂದ ಕ್ಷಣ ಮಾತು ನಿಲ್ಲಿಸಿ.

ಮಣ್ಣಿಗೆ ಹೋದ ಮನೆಯಲ್ಲಿ ಈ ವಾದ ಬೇಡವೇ ಬೇಡ. ಸತ್ತವರು ಕ್ಯಾಥೊಲಿಕರಾಗಿದ್ದು, ಸಭೆಯ ಕ್ರಮದಲ್ಲಿ ಮಣ್ಣು ಮಾಡಬಹುದೇ ಎಂಬ ಪ್ರಶ್ನೆ ಎದ್ದರೆ ಮನೆಯವರನ್ನು ಮೆತ್ತಗೆ ಕೇಳಿ: ಕೊನೆಗಾಲದಲ್ಲಿ ಗುರುಗಳನ್ನು ಕರೆಸಿದ್ದರೇ, ಶಿಲುಬೆಗೆ ಮುತ್ತಿಟ್ಟಿದ್ದರೇ, ಪಶ್ಚಾತ್ತಾಪದ ಒಂದು ಮಾತನ್ನಾದರೂ ಆಡಿದ್ದರೇ? ಅದೇ ಕ್ಯಾಥೊಲಿಕ್ ಸಂಹಿತೆಯ 1184ನೆಯ ವಿಧಿಗೆ ಪಶ್ಚಾತ್ತಾಪದ ಒಂದು ಗುರುತು ಸಾಕು. ಸಂಶಯ ಉಳಿದರೆ ಬಿಷಪ್ಪರನ್ನು ಕೇಳಬೇಕೆಂದು ಅದೇ ವಿಧಿ ಹೇಳುತ್ತದೆ. ನಮ್ಮ ಭಾಗದವರು ಬೆಳಗಾವಿಯ ಬಿಷಪ್ಪರ ಕಚೇರಿಗೆ ಫೋನು ಮಾಡಿಸಬೇಕು, ಅದೂ ಪೆಟ್ಟಿಗೆ ಮನೆಯಿಂದ ಹೊರಡುವ ಮುಂಚೆ.