ಲಾಕ್‌ಡೌನ್‌ನಲ್ಲಿ ತರಕಾರಿಗೆ ನಾನು ದರ ಹಾಕಿದ್ದು ಹೀಗೆ

ಕಾರವಾರದಲ್ಲಿ ನನ್ನದು ಸಣ್ಣ ತರಕಾರಿ ಅಂಗಡಿ. ಮಾಲು ಹೆಚ್ಚಾಗಿ ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಬರುತ್ತದೆ. 2020ರ ಮಾರ್ಚ್ 25ಕ್ಕೆ ದೇಶವೇ ಬಂದ್ ಆದಾಗ ತರಕಾರಿಯನ್ನು ಅಗತ್ಯ ವಸ್ತು ಅಂತ ಬಿಟ್ಟಿದ್ದರು. ಆದರೂ ದರ ಏರಿತು. ‘ಕೊರೊನಾ ಹೆಸರಲ್ಲಿ ಸುಲಿಗೆ’ ಅಂತ ನಾನೂ ಬೈಸಿಕೊಂಡೆ. ಸುಲಿದವರು ಇರಲೇ ಇಲ್ಲ ಅಂತ ಹೇಳೋದಿಲ್ಲ. ಆದರೆ ನನ್ನ ದರದ ಒಳಗೆ ಏನಿತ್ತು ಅಂತ ಹೇಳಬಲ್ಲೆ.

ದೊಡ್ಡ ಪಾಲು ಬಾಡಿಗೆಯದು. ಮಾಮೂಲಿ ದಿನಗಳಲ್ಲಿ ತರಕಾರಿ ಇಳಿಸಿದ ಗಾಡಿ ಮೀನೋ ತೆಂಗಿನಕಾಯಿಯೋ ಹೇರಿಕೊಂಡು ಘಟ್ಟ ಹತ್ತುತ್ತದೆ. ಬೋಟುಗಳು ದಡಕ್ಕೆ ನಿಂತ ಮೇಲೆ ಹೇರಲಿಕ್ಕೆ ಏನಿದೆ? ‘ಹೊಳ್ಳಿ ಖಾಲಿ ಹೋಗ್ಬೇಕ್ರಿ ಸಾವ್ಕಾರ್ರ, ಎರಡೂ ಕಡೆ ಬಾಡಿಗಿ ಕೊಡ್ರಿ’ ಅಂದ ಡ್ರೈವರ್. ದಾರಿಯಲ್ಲಿ ಚಹಾ ಇಲ್ಲ, ಊಟ ಇಲ್ಲ, ಪಂಚರ್ ಅಂಗಡಿಯೂ ಇಲ್ಲ. ಅವನ ಮಾತಿನಲ್ಲಿ ತಪ್ಪೇನಿತ್ತು?

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. 4,000 ರೂಪಾಯಿ ಬಾಡಿಗೆಗೆ 1,000 ಕೆ.ಜಿ. ತಂದರೆ ಕೆ.ಜಿ.ಗೆ 4 ರೂಪಾಯಿ ಬೀಳುತ್ತದೆ. ಎರಡೂ ಕಡೆ ಬಾಡಿಗೆ ಅಂದರೆ 8,000. ಹೋಟೆಲು, ಮದುವೆ, ಭಾನುವಾರದ ಸಂತೆ ಎಲ್ಲ ನಿಂತಿದ್ದರಿಂದ ತರುವುದೇ 500 ಕೆ.ಜಿ. ಆದರೆ ಅದೇ 4 ರೂಪಾಯಿ 16 ಆಯಿತು. ಟೊಮೆಟೊ ಹುಬ್ಬಳ್ಳಿಯಲ್ಲಿ ಒಂದು ಪೈಸೆ ಏರದಿದ್ದರೂ ಇಲ್ಲಿ 12 ರೂಪಾಯಿ ಜಾಸ್ತಿ!

ನಮ್ಮ ಕಡೆ ಇನ್ನೊಂದು ಪೇಚು. ಮೀನಿಲ್ಲದ ಮನೆ ತರಕಾರಿಗೆ ಬರುತ್ತದೆ. ಬಟಾಟೆ, ಈರುಳ್ಳಿ ಬಿಟ್ಟು ಬೇರೇನೂ ಒಯ್ಯದ ಗಿರಾಕಿಗಳು ಬೀನ್ಸ್, ಹೂಕೋಸು ಕೇಳತೊಡಗಿದರು. ಮಾಲು ಕಡಿಮೆ, ಕೈ ಚಾಚುವವರು ಜಾಸ್ತಿ. ಏಪ್ರಿಲ್ ಎರಡನೇ ವಾರ ಕೇಂದ್ರ ಸರ್ಕಾರ ಮೀನುಗಾರಿಕೆಗೆ ವಿನಾಯಿತಿ ಕೊಟ್ಟರೂ ಮೀನು ಮೊದಲಿನಂತೆ ಬರಲಿಕ್ಕೆ ಹೊತ್ತು ಹಿಡಿಯಿತು.

2021ರದ್ದು ಬೇರೆ ಥರದ ಕಷ್ಟ. ಏಪ್ರಿಲ್ 27ರಿಂದ ಅಂಗಡಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಗಾಡಿ ಎಂಟಕ್ಕೆ ಬಂದರೆ ವ್ಯಾಪಾರ ಎರಡೇ ತಾಸು. ನಮ್ಮ ಸೆಕೆಯಲ್ಲಿ ಕೊತ್ತಂಬರಿ ಮರುದಿನಕ್ಕೆ ಉಳಿಯುವುದಿಲ್ಲ. ಕಟ್ಟಿನ ನಡುವೆ ಕೈ ಹಾಕಿದರೆ ಬಿಸಿ, ಎಲೆ ಕಪ್ಪಾಗಿ ಲೋಳೆ. ಹಾಗಾಗಿ ಎಸೆಯುವ ಮಾಲಿನ ದುಡ್ಡನ್ನೂ ಸೇರಿಸಿಯೇ ಬೆಳಿಗ್ಗೆ ದರ ಹಾಕುತ್ತಿದ್ದೆ. ಒಂಬತ್ತೂವರೆಗೆ ಅದೇ ಸೊಪ್ಪನ್ನು ಅರ್ಧ ರೇಟಿಗೆ ಬಿಡುತ್ತಿದ್ದೆ. ಇದು ಗೊತ್ತಾದವರು ಕೊನೇ ಗಳಿಗೆಗೇ ಬರತೊಡಗಿದರು. ಜಾಣರು!

ಇತ್ತ ಅಂಕೋಲಾ, ಗೋಕರ್ಣದ ಕಡೆ ಕಲ್ಲಂಗಡಿ ಕೇಳುವವರಿಲ್ಲ. ಗೋವಾದ ಹೋಟೆಲುಗಳು ಬಂದ್, ಜ್ಯೂಸ್ ಅಂಗಡಿಗಳೂ ಬಂದ್. ಕುಮಟಾದ ಸಿಹಿ ಈರುಳ್ಳಿಯದೂ ಅದೇ ಕಥೆ. ಹೆದ್ದಾರಿ ಬದಿ ಗೊಂಚಲು ತೂಗುಹಾಕಿ ಮಾರುವವರಿಗೆ ಕಾರುಗಳೇ ಇಲ್ಲದಿದ್ದರೆ ಗಿರಾಕಿ ಎಲ್ಲಿಂದ? ಗದ್ದೆಯಲ್ಲಿ ದರ ಬಿದ್ದಿದೆ, ಮನೆ ಬಾಗಿಲಲ್ಲಿ ಏರಿದೆ. ಎರಡರ ನಡುವಿನ ದುಡ್ಡು ರೈತನಿಗೂ ಸಿಗಲಿಲ್ಲ, ಪೂರ್ತಿ ನನಗೂ ಸಿಗಲಿಲ್ಲ.

ಆಮೇಲೆ ನಾನು ಮಾಡಿದ್ದಿಷ್ಟೇ: ಘಟ್ಟದ ಮೇಲಿನ ಮಾಲು ಕಡಿಮೆ ಮಾಡಿದೆ. ಅಂಕೋಲಾ ಕಡೆಯ ಹರಿವೆ, ಬಸಳೆ, ಬದನೆ, ಮೊಗೆಕಾಯಿ ಜಾಸ್ತಿ ತರಿಸಿದೆ. ಮೊಗೆಕಾಯಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಹತ್ತು ಗಂಟೆಯ ಭಯವೂ ಇಲ್ಲ. ಕುಮಟಾ ಈರುಳ್ಳಿಯನ್ನೂ ಗೊಂಚಲುಗಟ್ಟಲೆ ತೆಗೆದುಕೊಂಡೆ. ಅದರಲ್ಲಿ ಲಾಭ ತೆಳ್ಳಗಿತ್ತು, ಆದರೆ ಎಸೆದದ್ದು ಕಡಿಮೆ.

ಸಂತೆ ಮತ್ತೆ ಶುರುವಾದ ಮೇಲೆ ಟೊಮೆಟೊ ಇಳಿಯಿತು. ಗಾಡಿ ಬಾಡಿಗೆ ಮಾತ್ರ ಹಳೇ ಮಟ್ಟಕ್ಕೆ ಇಳಿಯಲಿಲ್ಲ, ಅಷ್ಟರಲ್ಲಿ ಡೀಸೆಲ್ ಏರಿ ಕೂತಿತ್ತು.